ಎಲೆಗಿವಿ

ಬಸ್ಸಿನಲ್ಲಿ ಯಾರಾದರೂ ಎಲೆಗಿವಿ ಹೊರತೆಗೆದರೆ ನೀಲವೇಣಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಿದ್ದಳು. ತನ್ನ ದನಿ ಯಾರಿಗಾದರೂ ಗುರುತು ಸಿಕ್ಕೀತು ಎಂಬ ಭಯ. ಸಿಗಲಾರದು ಎಂದು ಬುದ್ಧಿ ಹೇಳುತ್ತಿತ್ತು. ಅಷ್ಟಕ್ಕೂ ಈ ಮೈಸೂರಿನಲ್ಲಿ ಅವಳ ದನಿ ಕೇಳಿದವರಾದರೂ ಎಷ್ಟು ಮಂದಿ? ಎಂ.ಎಸ್ಸಿ. ಮುಗಿಯುವ ತನಕ ಹಾಜರಿಗೆ ಕೈ ಎತ್ತಿದವಳೇ ಹೊರತು ಬಾಯಿಬಿಟ್ಟು ‘ಎಸ್ ಸರ್’ ಅಂದವಳಲ್ಲ. ಆದರೂ ಎಲೆಗಿವಿಯ ಸದ್ದು ಕೇಳಿದೊಡನೆ ಅವಳ ಕಿವಿಯ ತುದಿ ಬಿಸಿಯಾಗುತ್ತಿತ್ತು, ಬಸ್ಸಿನವರೆಲ್ಲ ತನ್ನ ಕಡೆಗೇ ತಿರುಗಿದ ಹಾಗೆ ಅನ್ನಿಸುತ್ತಿತ್ತು. ಚಿಕ್ಕಂದಿನಿಂದ ಡೈರಿ ಬರೆಯುವ ಹುಡುಗಿ ಅವಳು. ಕಂಡಕ್ಟರು ಚಿಲ್ಲರೆ ಕೊಡುವಾಗ ಮುಖ ಸಿಂಡರಿಸಿದ್ದನ್ನೂ ಬಿಡದೆ ಬರೆಯುತ್ತಿದ್ದಳು. ಇದೊಂದನ್ನು ಮಾತ್ರ ಬರೆದಿರಲಿಲ್ಲ. ಕಿಟಕಿಗೆ ಹಣೆ ಆನಿಸಿ, ತುಟಿ ಅಲುಗದ ಹಾಗೆ, ತನಗೆ ತಾನೇ ಒಪ್ಪಿಕೊಳ್ಳುತ್ತಿದ್ದಳು: ಊರೆಲ್ಲ ಗಿಡದ್ದು ಅಂದುಕೊಂಡಿರುವ ಆ ಅಳು ನನ್ನದು.

ಎಲೆಗಿವಿ ನೋಡಲಿಕ್ಕೆ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನ ಹಾಗಿತ್ತು. ಗಿಡ ನೀರಿಲ್ಲದೆ ಒಣಗುವಾಗ ಅದರ ಕಾಂಡದೊಳಗಿನ ಕೂದಲೆಳೆಯಂಥ ಕೊಳವೆಗಳಲ್ಲಿ ನೀರಿನ ಎಳೆ ತುಂಡಾಗಿ ಗಾಳಿಯ ಗುಳ್ಳೆಯೊಂದು ಒಡೆಯುತ್ತದೆ. ಒಡೆದಾಗ ‘ಟಿಕ್’ ಎಂದು ಸದ್ದಾಗುತ್ತದೆ. ಬಾವಲಿಗೆ ಕೇಳಿಸೀತು, ಮನುಷ್ಯರ ಕಿವಿಗೆ ಅದು ತೀರ ಮೇಲಿನ ಶ್ರುತಿ. ಆ ಸದ್ದನ್ನು ಹಿಡಿದು ನಮ್ಮ ಕಿವಿಯ ಮಟ್ಟಕ್ಕೆ ಇಳಿಸುವುದೇ ಎಲೆಗಿವಿಯ ಕೆಲಸ. ಅದನ್ನು ಕಂಡುಹಿಡಿದದ್ದು ನೀಲವೇಣಿ ಸಹಾಯಕಿಯಾಗಿದ್ದ ಲ್ಯಾಬಿನ ಮುಖ್ಯಸ್ಥೆ ಮೃಣಾಲಿನಿ ಮೇಡಂ. ಟೊಮ್ಯಾಟೊ ಬೆಳೆಯುವವರಿಗೆ ಗಿಡವೇ ‘ನೀರು ಬೇಕು’ ಎಂದು ಹೇಳುವಂತಾಗಲಿ ಎಂಬುದು ಅವರ ಆಸೆ. ಹೂ ಕಟ್ಟುವವರ ವಿಷಯ ಆಗ ಯಾರ ತಲೆಯಲ್ಲೂ ಇರಲಿಲ್ಲ. ಹೂ ಕಟ್ಟುವವಳ ಮಗಳೊಬ್ಬಳು ಅದೇ ಲ್ಯಾಬಿನಲ್ಲಿದ್ದಳು, ಅವಳ ತಲೆಯಲ್ಲೂ ಇರಲಿಲ್ಲ.

ನೀಲವೇಣಿಯ ಮನೆ ಕ್ಯಾತಮಾರನಹಳ್ಳಿಯಲ್ಲಿ. ಒಂದು ಹಾಲ್, ಒಂದು ಅಡಿಗೆಮನೆ. ಹಾಲಿನಲ್ಲಿ ಸದಾ ಒದ್ದೆ ಗೋಣಿತಾಟು, ಅದರ ಮೇಲೆ ಬಾಳೆಲೆ, ಅದರ ಮೇಲೆ ಹೂವು. ಅಪ್ಪ ನಸುಕಿನಲ್ಲಿ ಹೋಗಿ ಮೂಟೆ ತರುತ್ತಿದ್ದ. ಅವ್ವ ಪುಟ್ಟತಾಯಮ್ಮ ಕಾಲು ಚಾಚಿ ಕೂತು, ಬಾಳೆನಾರನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಕಣ್ಣನ್ನು ಬೇರೆಲ್ಲೋ ಇಟ್ಟುಕೊಂಡೇ ಕಟ್ಟುತ್ತಿದ್ದಳು. ಬೆಳಕು ಹರಿದ ಮೇಲೆ ಇಬ್ಬರೂ ಮಾರ್ಕೆಟ್ಟಿನ ಕಟ್ಟೆಗೆ. ಆ ಹಾಲಿನಲ್ಲಿ ಅವ್ವನದೊಂದು ಕಟ್ಟುನಿಟ್ಟಿತ್ತು. ದೇವರ ಮುಡಿಗೆ, ಮದುವೆ ಹೆಣ್ಣಿನ ಜಡೆಗೆ ಹೋಗುವ ಹೂವು. ಅದನ್ನು ಮೂಸಬಾರದು, ದಾಟಬಾರದು, ಅದರ ಮುಂದೆ ಕಣ್ಣೀರು ಹಾಕಬಾರದು. ಹೂವಿಲ್ಲದ ಹೊತ್ತೇ ಇಲ್ಲದ ಮನೆಯಲ್ಲಿ ಹೀಗಾಗಿ ಅಳುವುದಕ್ಕೂ ಹೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ಕಮ್ಮಿಯಾದಾಗ ನೀಲವೇಣಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದಳು.

ಒಂದು ನಸುಕಿನಲ್ಲಿ ಅಪ್ಪ ಸೇವಂತಿಗೆಯ ಮೂಟೆ ಹೊತ್ತವನು ಹೊತ್ತ ಹಾಗೆಯೇ ಕುಸಿದ. ಮನೆಗೆ ತಂದಾಗ ಉಸಿರಿರಲಿಲ್ಲ. ಅವ್ವ ಯಾರ ಕೈಗೂ ಕೊಡದೆ ಅವನಿಗೆ ತಾನೇ ಹಾರ ಕಟ್ಟಿದಳು. ಮಡಿಲ ತುಂಬ ಹೂವಿತ್ತು, ಆದ್ದರಿಂದ ಅಳಲಿಲ್ಲ. ನೆಂಟರ ಹೆಂಗಸರು ಎಂಥ ಕಲ್ಲೆದೆಯಪ್ಪ ಅಂದರು. ಅಂದದ್ದು ಕಿವಿಗೆ ಬಿದ್ದರೂ ಅವ್ವ ಗಂಟಿನ ಮೇಲೆ ಗಂಟು ಹಾಕುತ್ತಲೇ ಇದ್ದಳು. ಸೂತಕ ಕಳೆದ ಮೇಲೆ ಹೂ ಮುಡಿಯುವುದು ನಿಂತಿತು, ಕಟ್ಟುವುದು ನಿಲ್ಲಲಿಲ್ಲ. ಮಗಳ ಕಡೆ ಒಂದು ಸಲ ನೋಡಿ, ಲ್ಯಾಬಿಗೆ ಹೊತ್ತಾಯ್ತು ಎದ್ದೇಳು ಎಂದಷ್ಟೇ ಹೇಳಿದಳು.

ಲ್ಯಾಬಿನಲ್ಲಿ ಒಂದು ಸದ್ದಡಗಿದ ಕೋಣೆಯಿತ್ತು. ಗೋಡೆ, ಚಾವಣಿ, ನೆಲಕ್ಕೆಲ್ಲ ದಪ್ಪ ಸ್ಪಂಜಿನ ಹಲ್ಲುಗಳು. ಒಳಗೆ ಹೋಗಿ ಬಾಗಿಲು ಹಾಕಿದರೆ ನಮ್ಮ ಎದೆಬಡಿತ ನಮಗೇ ಕೇಳುತ್ತಿತ್ತು. ನಡುವೆ ಕುಂಡದಲ್ಲಿ ಬಾಡುತ್ತಿರುವ ಟೊಮ್ಯಾಟೊ ಗಿಡ, ಅದರ ಎದುರಿಗೆ ಮೈಕು. ಆ ದಿನ ನೀಲವೇಣಿ ಮೈಕು ಆಫ್ ಮಾಡಲೆಂದು ಒಳಗೆ ಹೋದಳು. ಹೂವೇ ಇಲ್ಲದ ಜಾಗ ಅದು. ಕುಂಡದ ಪಕ್ಕದಲ್ಲಿ ಕೂತಳು. ಕೂತದ್ದು ನೆನಪಿದೆ, ಆಮೇಲೆ ಎಷ್ಟು ಹೊತ್ತು ಅತ್ತಳೋ ನೆನಪಿಲ್ಲ. ಎದ್ದು ಮುಖ ಒರೆಸಿಕೊಂಡು ಹೊರಗೆ ಬಂದಳು. ಮೈಕಿನ ನೆನಪು ಬಂದದ್ದು ಮರುದಿನ. ಆ ಹೊತ್ತಿಗೆ ಯಂತ್ರ ತನ್ನ ಪಾಡಿಗೆ ತಾನು ಆ ಬಿಕ್ಕುವಿಕೆಯನ್ನೂ ಗಿಡದ ಸದ್ದೆಂದೇ ತಿಳಿದು, ತುಂಡರಿಸಿ, ಹಿಗ್ಗಿಸಿ, ಅದರೊಳಗಿನ ಮನುಷ್ಯರ ಗುರುತನ್ನೆಲ್ಲ ತೊಳೆದು ಇಟ್ಟಿತ್ತು.

ಮೇಡಂಗೆ ಆಗ ಬೇರೆಯೇ ಒಂದು ತಲೆನೋವು. ಗಿಡದ ಟಿಕ್ ಸದ್ದನ್ನು ಇಳಿಸಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ಸಾಧನ ತಯಾರಿಸಲು ಮುಂದೆ ಬಂದ ಕಂಪನಿಯವರು, ಸಾಸಿವೆ ಸದ್ದು ಕೇಳಲಿಕ್ಕೆ ಯಾರು ಇದನ್ನು ಕೊಳ್ಳುತ್ತಾರೆ ಎಂದು ನಕ್ಕಿದ್ದರು. ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಕೇಳುತ್ತ ಕೂತಿದ್ದ ಮೇಡಂ ಥಟ್ಟನೆ ಹೆಡ್‌ಫೋನು ತೆಗೆದು ಸ್ಪೀಕರಿಗೆ ಹಾಕಿದರು. ಉಸಿರನ್ನು ಒಳಗೆಳೆದು, ತಡೆದು, ತಡೆಯಲಾರದೆ ಬಿಟ್ಟಂಥ ಒಂದು ಸದ್ದು. ಲ್ಯಾಬಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ಕಾಂಡವೇ ಕಂಪಿಸಿದ ಸದ್ದಿರಬೇಕು ಇದು ಎಂದು ಮೇಡಂ ಮುಖ ಅರಳಿತು. ಆದರೂ ವಿಜ್ಞಾನಿಯಲ್ಲವೇ, ಒಂದು ಮಾತು ಕೇಳಿದರು.

“ಇದು ರೆಕಾರ್ಡ್ ಆಗೋವಾಗ ರೂಮಲ್ಲಿ ಯಾರಾದ್ರೂ ಇದ್ರೇನಮ್ಮ?”

ಎಲ್ಲರೂ ನೀಲವೇಣಿಯ ಕಡೆ ತಿರುಗಿದರು. ಅಷ್ಟು ಜನರ ಎದುರಿಗೆ, ಅದು ನಾನು, ಅಳುತ್ತಿದ್ದೆ ಎನ್ನುವುದೇ? ಅವಳು ಇಲ್ಲವೆಂದು ತಲೆಯಾಡಿಸಿದಳು. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂಬ ಸಮಾಧಾನವನ್ನು ಆಮೇಲೆ ಬಹಳ ದಿನ ಕಾಪಾಡಿಕೊಂಡಳು.

ಕಂಪನಿಯವರು ಆ ಸದ್ದನ್ನೇ ಸಾಧನದೊಳಗೆ ತುಂಬಿಸಿದರು; ಹಾಗೆ ಎಲೆಗಿವಿಗೆ ದನಿ ಬಂತು. ಟಿಕ್ ಎನ್ನುವುದು ಗಿಡದ್ದೇ, ಅದರಲ್ಲಿ ಮೋಸವಿಲ್ಲ. ಆದರೆ ಒಂದೊಂದು ಟಿಕ್ಕಿಗೂ ಯಂತ್ರ ಒಂದೊಂದು ಬಿಕ್ಕು ಕೇಳಿಸುತ್ತಿತ್ತು.

ಮೊದಲು ಒಳ್ಳೆಯದೇ ಆಯಿತು. ಶಾಲೆಯ ಮಕ್ಕಳು ಊಟದ ಡಬ್ಬಿ ತೊಳೆದ ನೀರನ್ನು ರಸ್ತೆ ಬದಿಯ ಸಸಿಗಳಿಗೆ ಹೊಯ್ದರು. ಟೊಮ್ಯಾಟೊ ಬೆಳೆದವರು ಗಿಡ ಬಿಕ್ಕಿದಾಗ ಮಾತ್ರ ನೀರು ಬಿಟ್ಟು ಬೋರ್‌ವೆಲ್ ಉಳಿಸಿಕೊಂಡರು. ಫ್ಲಾಟಿನ ಬಾಲ್ಕನಿಯಲ್ಲಿ ಸೊರಗುತ್ತಿದ್ದ ತುಳಸಿಗೆ ಮರುಜೀವ ಬಂತು. ಆಮೇಲೆ ಯಾವುದೋ ಮದುವೆಯಲ್ಲಿ ಹೆಣ್ಣಿನ ತಮ್ಮ ತಮಾಷೆಗೆಂದು ಅಕ್ಕನ ಕೊರಳ ಹಾರಕ್ಕೆ ಎಲೆಗಿವಿ ಸಿಕ್ಕಿಸಿದ. ಹಾರ ಬಿಕ್ಕಿಬಿಕ್ಕಿ ಅತ್ತಿತು. ಹೆಣ್ಣು ಹಾರ ತೆಗೆದು ಕೆಳಗಿಟ್ಟಳು. ಅದರ ವಿಡಿಯೋ ಎಲ್ಲರ ಫೋನಿಗೂ ಹೋಯಿತು. ಮುಂದಿನ ಲಗ್ನಗಳಿಗೆ ಬಟ್ಟೆಯ ಹಾರ, ಕಾಗದದ ಹಾರ ಬಂದವು. ಕೆಲವು ದೇವಸ್ಥಾನಗಳ ಬಾಗಿಲಲ್ಲಿ, ತಾನಾಗಿ ಬಿದ್ದ ಹೂವು ಮಾತ್ರ ತರಬೇಕೆಂಬ ಬೋರ್ಡು ಬಿತ್ತು. ಹಿಂದಿನಿಂದಲೂ ನೆಲದಿಂದ ಆಯ್ದೇ ಏರಿಸುತ್ತಿದ್ದ ಹೂವೆಂದರೆ ಪಾರಿಜಾತ; ಅದರ ಮರವಿದ್ದವರ ಮನೆ ಮುಂದೆ ಬೆಳಗಾಗುವ ಮೊದಲೇ ಜನ ಬುಟ್ಟಿ ಹಿಡಿದು ನಿಂತರು.

ಮಾರ್ಕೆಟ್ಟಿನ ಹೂವಿನ ಸಾಲು ಮಂಕಾಯಿತು. ಬರುವ ಗಿರಾಕಿಗಳಲ್ಲೂ ಕೊಳ್ಳುವವರಿಗಿಂತ ಕೊಂಕು ಮಾತಾಡುವವರೇ ಹೆಚ್ಚು. ಇವತ್ತೆಷ್ಟು ಕೂಸು ಅಳಿಸಿದಿರಮ್ಮ ಎಂದು ಒಬ್ಬ ಕೇಳಿದ. ಪುಟ್ಟತಾಯಮ್ಮನ ಪಕ್ಕದ ಕಟ್ಟೆಯ ಸಾಬಿರಾ ಬಾಯಿಗೆ ಸೋಲುವವಳಲ್ಲ.

“ನನ್ ಹೂವು ಉರ್ದುನಾಗೆ ಅಳ್ತೈತೆ ಸ್ವಾಮಿ, ನಿಮಗೆ ತಿಳಿಯಾಕಿಲ್ಲ,” ಅಂದಳು. ಅವನು ಅತ್ತ ಹೋದ ಮೇಲೆ ಗೊಣಗಿದಳು: “ಕೊತ್ತಂಬರಿ ಕಟ್ಟಿನ ಮುಂದೆ ಯಾಕೆ ಹಿಡಿಯಾಕಿಲ್ಲ ಪುಟ್ಟಕ್ಕ, ಇವರು ಆ ಮಿಷನ್ನ? ಚಟ್ನಿ ಬೇಕಲ್ಲ, ಅದಕ್ಕೆ.”

ಪುಟ್ಟತಾಯಮ್ಮ ನಕ್ಕಳು. ಆ ತನಕ ಅವಳು ಎಲೆಗಿವಿಯ ಸದ್ದನ್ನು ಕೇಳಿರಲಿಲ್ಲ, ಜನರ ಬಾಯಿಂದ ಕೇಳಿದ್ದಷ್ಟೇ. ಗಿರಾಕಿ ಬಂದರೆ ಬಂದಾರು, ಹೋದರೆ ಹೋದಾರು, ಹೊಸ ಚಾಳಿ ನಾಲ್ಕು ದಿನದ್ದು ಅಂದುಕೊಂಡಿದ್ದಳು. ಆ ಸಂಜೆ ಕಾಲೇಜು ಹುಡುಗಿಯೊಬ್ಬಳು ಬಂದು, ಕೊಂಕಿಗಲ್ಲ, ನಿಜವಾದ ಕುತೂಹಲಕ್ಕೆ, ಮಲ್ಲಿಗೆಯ ಬುಟ್ಟಿಯ ಅಂಚಿಗೆ ಎಲೆಗಿವಿ ಸಿಕ್ಕಿಸಿದಳು. ಪುಟ್ಟತಾಯಮ್ಮನ ಕೈ ಅರ್ಧ ಗಂಟಿನಲ್ಲಿ ನಿಂತಿತು. ಇನ್ನೊಂದು ಸಲ ಕೇಳಿಸವ್ವ ಅಂದಳು. ಮತ್ತೊಂದು ಸಲ ಅಂದಳು. ಹುಡುಗಿಗೇ ಗಾಬರಿಯಾಗಿ ಎಲೆಗಿವಿ ಕಿತ್ತುಕೊಂಡು ಹೋದಳು. ಅರ್ಧ ಕಟ್ಟಿದ ದಂಡೆಯನ್ನು ಪುಟ್ಟತಾಯಮ್ಮ ಹಾಗೆಯೇ ಸಾಬಿರಾಳ ಬುಟ್ಟಿಗೆ ಹಾಕಿ ಎದ್ದಳು.

ಮನೆಗೆ ಬಂದ ಮಗಳಿಗೆ ಅಂದು ಹಾಲ್ ಬರಿದಾಗಿ ಕಂಡಿತು. ಗೋಣಿತಾಟು ಗೋಡೆಗೆ ಒರಗಿತ್ತು. ಅವ್ವ ನೇರ ವಿಷಯಕ್ಕೇ ಬಂದಳು. ಅದು ನಿಮ್ಮ ಲ್ಯಾಬಿಂದೇ ಅಲ್ಲವಾ, ನಿಜವಾಗಿಯೂ ಅಳುತ್ತದಾ? ನೀಲವೇಣಿ ಕೊಳವೆ, ನೀರಿನ ಎಳೆ, ಗಾಳಿಯ ಗುಳ್ಳೆ ಎಲ್ಲವನ್ನೂ ತಡವರಿಸುತ್ತ ಹೇಳಿದಳು. ಅವ್ವ ಕೊನೆಯ ತನಕ ಕೇಳಿದಳು.

“ಅದೆಲ್ಲ ಸರಿ ಕಣೆ. ಅಳ್ತದೋ ಇಲ್ವೋ, ಅಷ್ಟ್ ಹೇಳು.”

“ಅದೂ... ನೋವು ಅನ್ನೋದು ಗಿಡಕ್ಕೆ ಇದೆಯೋ ಇಲ್ವೋ ಯಾರಿಗೂ ಗೊತ್ತಿಲ್ಲ ಅವ್ವ.”

“ನಂಗ್ ಗೊತ್ತು,” ಎಂದಳು ಅವ್ವ. “ನೀನು ಕೂಸಾಗಿದ್ದಾಗ ಹಿಂಗೇ ಅಳ್ತಿದ್ದೆ. ಬ್ಯಾರೆ ಮಕ್ಳಂಗೆ ಕಿರುಚ್ತಿರ್ಲಿಲ್ಲ. ಉಸಿರ ಒಳೀಕೆ ಎಳ್ಕಂಡು, ತಡ್ಕಂಡು... ಯಾರಿಗೂ ಕೇಳಬಾರ್ದು ಅನ್ನೋ ಹಂಗೆ. ಆ ಹೂವೂ ಹಂಗೇ ಕಣೆ, ತಡ್ಕಂಡು ಅಳ್ತದೆ.”

ನೀಲವೇಣಿಯ ನಾಲಗೆಯ ತುದಿಗೆ ಮಾತು ಬಂದಿತ್ತು. ಆದರೆ ಹೇಳಿದರೆ ಪೂರ್ತಿ ಹೇಳಬೇಕು. ಎಲ್ಲಿ ಅತ್ತೆ, ಯಾಕೆ ಅತ್ತೆ, ಮನೆ ಬಿಟ್ಟು ಅಲ್ಲೇ ಯಾಕೆ ಅತ್ತೆ. ಅವ್ವನ ಕಟ್ಟುನಿಟ್ಟಿನ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಅವಳು ತಟ್ಟೆ ತೊಳೆಯಲು ಎದ್ದಳು.

ಪುಟ್ಟತಾಯಮ್ಮ ಆಮೇಲೆ ಹೂ ಮುಟ್ಟಲಿಲ್ಲ. ಹುಡುಗಿಯರ ಹಾಸ್ಟೆಲೊಂದರಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಬೇಸರವೇನಿಲ್ಲ, ಹುಡುಗಿಯರು ಆಂಟಿ ಆಂಟಿ ಅಂತ ಹಿಂದೆ ಬೀಳುತ್ತಾರೆ ಎನ್ನುತ್ತಿದ್ದಳು. ಆದರೆ ಸಂಜೆ ಟೀವಿ ಮುಂದೆ ಕೂತಾಗ ಅವಳ ಬೆರಳುಗಳು ಮಡಿಲಲ್ಲಿ ತಮ್ಮಷ್ಟಕ್ಕೆ ಆಡುತ್ತಿದ್ದವು. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ನಾರು ಸುತ್ತು, ಎಳೆ. ಮಡಿಲಲ್ಲಿ ಮೊಗ್ಗೂ ಇಲ್ಲ, ನಾರೂ ಇಲ್ಲ. ಮಗಳು ನೋಡಿದಳೆಂದರೆ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುತ್ತಿದ್ದಳು. ಒಮ್ಮೆ, ಯಾರನ್ನೂ ಕೇಳದ ಹಾಗೆ ಕೇಳಿದಳು, ಮದುವೆಯಾಗಿ ಬಂದಾಗಿನಿಂದ ಈ ಕೈಯಲ್ಲಿ ಎಷ್ಟನ್ನು ಅಳಿಸಿದೆನೋ ಏನೋ ಎಂದು. ಮಾರ್ಕೆಟ್ಟಿನ ಕಟ್ಟೆಯನ್ನು ಸಾಬಿರಾಳಿಗೆ ಬಿಟ್ಟುಕೊಡುವುದೆಂದೂ ಮಾತಾಯಿತು. ಯಜಮಾನರ ತಿಥಿ ಒಂದು ಕಳೆಯಲಿ, ಅವರ ಫೋಟೋಗೆ ಕಡೇದಾಗಿ ಒಂದು ಹಾರ ಕಟ್ಟಿ ಮುಗಿಸಿಬಿಡುತ್ತೇನೆ, ಆಮೇಲೆ ಈ ಜನ್ಮಕ್ಕೆ ಹೂವಿನ ಋಣ ಸಾಕು ಅಂದಳು.

ಆ ಮಾತಾದ ಮರುದಿನ ನೀಲವೇಣಿ ಲ್ಯಾಬಿಗೆ ಹೋದವಳೇ ಮೇಡಂ ಕೋಣೆಯ ಬಾಗಿಲು ತಟ್ಟಿದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು. ಮೇಡಂ ಅಂದು ಬಹಳ ಖುಷಿಯಲ್ಲಿದ್ದರು. ಯಾವುದೋ ಶಾಲೆಗೆ ಹೋಗಿದ್ದರಂತೆ. ಅಲ್ಲಿ ರಸ್ತೆ ಅಗಲ ಮಾಡಲು ಗುರುತು ಹಾಕಿದ್ದ ಬೇವಿನ ಮರಕ್ಕೆ ಮಕ್ಕಳು ಎಲೆಗಿವಿ ಸಿಕ್ಕಿಸಿ, ಕಡಿಯಲು ಬಂದವರಿಗೆ ಕೇಳಿಸಿ, ವಾಪಸು ಕಳಿಸಿದ್ದರಂತೆ.

“ನಾವು ಗ್ರಾಫ್ ತೋರ್ಸಿ ತೋರ್ಸಿ ಸತ್ವಿ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ,” ಎಂದರು. “ಒಂದು ಅಳು ಕೇಳಿಸಿದ್ದೇ ತಡ, ನೋಡು. ಏನೋ ಹೇಳ್ಬೇಕು ಅಂತ ಬಂದ್ಯಲ್ಲ, ಹೇಳು.”

ನೀಲವೇಣಿಯ ಕಣ್ಣ ಮುಂದೆ ಆ ಬೇವಿನ ಮರ ನಿಂತಿತು.

“ರಜೆ ಬೇಕಿತ್ತು ಮೇಡಂ. ನಾಡಿದ್ದು ಅಪ್ಪನ ತಿಥಿ.”

ಆಗಲೇ ಎರಡು ವರ್ಷವಾಯಿತೇ ಎಂದು ಮೇಡಂ ಮರುಗಿದರು. ಎದ್ದು ಬಂದು ಅವಳ ಭುಜ ತಟ್ಟಿ, ಗಟ್ಟಿ ಹುಡುಗಿ ನೀನು, ಒಂದು ದಿನವಾದರೂ ಕಣ್ಣೊದ್ದೆ ಮಾಡಿದ್ದು ನಾನು ಕಾಣೆ ಎಂದು ಮೆಚ್ಚಿಕೊಂಡರು.

ಅವಳು ಸದ್ದಡಗಿದ ಕೋಣೆಗೆ ಹೋದಳು. ಒಳಗೆ ಅದೇ ಜಾಗದಲ್ಲಿ ಬೇರೊಂದು ಟೊಮ್ಯಾಟೊ ಗಿಡ. ಹೆಡ್‌ಫೋನು ಹಾಕಿಕೊಂಡು, ಬಿಕ್ಕು ಸೇರಿಸದ, ಗಿಡದ ಬರೀ ಸದ್ದನ್ನು ಕೇಳಿದಳು. ಚಟ್. ಚಟ್ ಚಟ್. ಅವ್ವ ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಅದರಲ್ಲಿ ದುಃಖವಿದೆಯೇ ಎಂದು ಹುಡುಕಿದಳು. ಇದೆ ಎನ್ನಲಾಗಲಿಲ್ಲ, ಇಲ್ಲ ಎಂದು ಆಣೆ ಮಾಡಲೂ ಆಗಲಿಲ್ಲ. ದುಃಖವಿದ್ದರೂ ಅದು ಗಿಡದ್ದು, ಅದರ ಭಾಷೆಯದು. ಅವ್ವನ ಕೈ ಕಟ್ಟಿಹಾಕಿದ್ದು ಆ ಭಾಷೆಯಲ್ಲ. ಈ ಸಲ ಅವಳು ಮೈಕು ಆಫ್ ಮಾಡಿದಳು. ಆಮೇಲೆಯೂ ಸುಮ್ಮನೆ ಕೂತಿದ್ದಳು, ಅಳು ಬರಲಿಲ್ಲ.

ತಿಥಿಯ ದಿನ ಎಡೆಯಿಟ್ಟು, ಬಂದ ನಾಲ್ಕು ಜನ ಉಂಡು ಹೋದ ಮೇಲೆ, ಅವ್ವ ಪಕ್ಕದ ಬೀದಿಯ ಮನೆಗಳಿಗೆ ವಡೆ ಪಾಯಸ ಕೊಟ್ಟು ಬಾ ಎಂದು ಮಗಳನ್ನು ಕಳಿಸಿದಳು. ಸಾಬಿರಾ ಬೆಳಿಗ್ಗೆಯೇ ಒಂದು ಪೊಟ್ಟಣ ಮಲ್ಲಿಗೆ ತಂದುಕೊಟ್ಟಿದ್ದಳು. ಸಂಜೆ ಕಟ್ಟೆಯ ಕೆಳಗಿನ ಪೆಟ್ಟಿಗೆಯ ಬೀಗದ ಕೈ ತೆಗೆದುಕೊಂಡು ಹೋಗಲು ಮತ್ತೆ ಬರುವವಳಿದ್ದಳು. ಮನೆಮನೆಯಲ್ಲೂ ಕೂತ್ಕೋ ಅಂದವರಿಗೆ ನೀಲವೇಣಿ ಎಂದಿನಂತೆ ತಲೆಯಾಡಿಸಿ, ಪಾತ್ರೆ ಖಾಲಿ ಮಾಡಿಕೊಂಡು ಹಿಂದಿರುಗಿದಳು. ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಮನೆಯ ಬಾಗಿಲು ಮುಂದಕ್ಕೆ ಮಾಡಿತ್ತಷ್ಟೆ, ಚಿಲಕ ಹಾಕಿರಲಿಲ್ಲ. ಹೊಸ್ತಿಲ ಹತ್ತಿರ ಬಂದಾಗ ಒಳಗಿಂದ ಆ ಸದ್ದು ಕೇಳಿಸಿತು.

ಬಾಗಿಲ ಸಂದಿಯಲ್ಲಿ ನೋಡಿದಳು. ಅಪ್ಪನ ಫೋಟೋ ಮುಂದೆ ಗೋಣಿತಾಟು ಮತ್ತೆ ಹಾಸಿತ್ತು. ಅವ್ವ ಕಾಲು ಚಾಚಿ, ಹೆಬ್ಬೆರಳಿಗೆ ನಾರು ಸಿಕ್ಕಿಸಿ ಕೂತಿದ್ದಳು. ಬಾಳೆಲೆಯ ಅಂಚಿಗೆ ಎಲೆಗಿವಿ. ಎಲ್ಲಿಂದಲೋ ಕೇಳಿ ತಂದಿದ್ದಳು, ಬೇಕೆಂದೇ ಸಿಕ್ಕಿಸಿದ್ದಳು. ಕಡೆಯ ಹಾರವನ್ನು ಕಿವಿ ಮುಚ್ಚಿಕೊಂಡು ಕಟ್ಟಿ ಮುಗಿಸುವುದು ಅವಳಿಗೆ ಸರಿ ಕಂಡಿರಲಿಲ್ಲ. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ. ನಾರು ಎಳೆದಾಗ ಎಲೆಗಿವಿ ಬಿಕ್ಕಿತು. ಅವ್ವ ಕೈ ನಿಲ್ಲಿಸಿದಳು. ಕಟ್ಟಿದ ಮೊಗ್ಗುಗಳ ಮೇಲೆ ಬೆರಳಿನ ಹಿಂಬದಿಯಿಂದ, ಮಗುವಿನ ಕೆನ್ನೆ ಸವರುವ ಹಾಗೆ ಸವರಿದಳು.

“ಆಯ್ತು ಕಂದ, ಆಯ್ತು. ಸುಮ್ಕಿರು.”

ಮತ್ತೊಂದು ಗಂಟು. ಮತ್ತೊಂದು ಬಿಕ್ಕು.

“ಇಲ್ಲೇ ಇವ್ನಿ ಕಣವ್ವ. ಅಳು, ಅತ್ಬುಡು. ಬಾಯಿಲ್ದ ಕೂಸು ನೀನು, ಯಾರತ್ರ ಅಂತ ಹೇಳ್ಕಂಡೀಯೆ.”

ಅವ್ವನ ಕಣ್ಣು ಒಣಗಿಯೇ ಇತ್ತು, ಹೂವಿತ್ತಲ್ಲ ಎದುರಿಗೆ. ಅಪ್ಪ ಹೋದ ದಿನವೂ, ಸೂತಕ ಕಳೆದ ದಿನವೂ, ಆಮೇಲಿನ ಯಾವ ದಿನವೂ ಆ ಹಾಲಿನಲ್ಲಿ ಯಾರೂ ಯಾರಿಗೂ ಹೇಳದಿದ್ದ ಮಾತುಗಳು ಅವು. ಒಂದೊಂದು ಗಂಟಿಗೂ ಒಂದೊಂದಾಗಿ ಮಲ್ಲಿಗೆಗೆ ಹೋಗುತ್ತಿದ್ದವು. ಹಾರ ಒಂದು ಮೊಳವಾಗಿತ್ತು. ಇನ್ನು ಸ್ವಲ್ಪದರಲ್ಲಿ ಮುಗಿಯುತ್ತದೆ, ಅವ್ವ ನಾರು ಕಡಿಯುತ್ತಾಳೆ, ಸಾಬಿರಾ ಬೀಗದ ಕೈಗೆ ಬರುತ್ತಾಳೆ.

ನೀಲವೇಣಿ ಪಾತ್ರೆಯನ್ನು ಹೊರಗೇ ಇಟ್ಟು ಬಾಗಿಲು ತಳ್ಳಿದಳು. ಅವ್ವ ತಲೆಯೆತ್ತಿ, ಬಂದ್ಯಾ, ಎಲ್ಲಾರ್ಗೂ ಕೊಟ್ಯಾ ಎಂದು ಕೇಳಿದಳು. ತಲೆಯಾಡಿಸಿದ್ದರೆ ಸಾಕಿತ್ತು. ಅವಳು ತಲೆಯಾಡಿಸಲಿಲ್ಲ. ಗೋಣಿತಾಟಿನ ಇನ್ನೊಂದು ಅಂಚಿನಲ್ಲಿ, ಹೂವಿನ ಎದುರಿಗೇ ಕೂತಳು. ಕಣ್ಣಲ್ಲಿ ನೀರು ತುಂಬುತ್ತಿರುವುದು ಗೊತ್ತಾಗುತ್ತಿತ್ತು. ಅವ್ವ ಅದನ್ನು ನೋಡಿ, ರೂಢಿಯ ಮೇಲೆ, ಹೂವಿಗೆ ಸೆರಗು ಅಡ್ಡ ಹಿಡಿದಳು.

ಎಲೆಗಿವಿ ಸೆರಗಿನಡಿ ಮತ್ತೊಮ್ಮೆ ಉಸಿರನ್ನು ಒಳಗೆಳೆದು, ತಡೆದು, ಬಿಕ್ಕಿತು.

“ಅವ್ವ, ಅದು ಹೂವಲ್ಲ,” ಎಂದಳು ನೀಲವೇಣಿ. ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. “ಅದು ನಾನು. ಅಪ್ಪ ಹೋದಾಗ ಅತ್ತಿದ್ದು.”